ಎರಡನೆಯ ಆಳು

ಹನ್ನೊಂದನೆಯ ಸಾಲಿಗೆ ಬಂದಾಗಲೆಲ್ಲ ಸೈಲಾಗೆ ಎದ್ದು ಹೋಗಿ ನೀರು ಕುಡಿಯಬೇಕು ಅನ್ನಿಸುತ್ತಿತ್ತು. ಬೆಳಗಿನಿಂದ ನಾಲ್ಕು ಸಲ ಎದ್ದಿದ್ದಳು. ಬಾಯಾರಿಕೆ ಇರಲಿಲ್ಲ. ಲೋಟ ಹಿಡಿದು ಅಡುಗೆಮನೆಯ ಕಿಟಕಿಗೆ ಬಂದರೆ ಶಾಲೆಯ ಆಟದ ಬಯಲು, ಅದರಾಚೆ ಬಾಯ್ಲರ್ ಮನೆ, ಅದರ ಕೊಳವೆಯಿಂದ ನೆಟ್ಟಗೆ ಏಳುತ್ತಿದ್ದ ಬಿಳಿ ಹೊಗೆ. ಹೊಗೆ ಅಷ್ಟು ಬೆಳ್ಳಗಿದ್ದರೆ ಮರದ ಚಕ್ಕೆ ಇನ್ನೂ ಹಸಿಯಾಗಿದೆ ಎಂದರ್ಥ. ಗಂಡ ಹೋಗಿ ಎಂಟು ತಿಂಗಳಾದರೂ ತನ್ನ ಕಣ್ಣು ಇಂಥದನ್ನೆಲ್ಲ ಗಮನಿಸುವುದನ್ನು ಬಿಟ್ಟಿಲ್ಲವಲ್ಲ ಎಂದು ನಾಚಿಕೆಯಾಯಿತು. ಲೋಟದ ನೀರನ್ನು ಹಾಗೆಯೇ ತೊಟ್ಟಿಗೆ ಚೆಲ್ಲಿ ಮತ್ತೆ ಬಂದು ಕೂತಳು. ಎರಡು ಗಂಟೆಗೆ ಅಗ್ನಿಶಾಮಕ ಠಾಣೆಯ ಮಹಡಿಯಲ್ಲಿ ಸಂಘದ ಸಭೆ. ಅಷ್ಟರೊಳಗೆ ಖರ್ಚಿನ ಕೋಷ್ಟಕ ಮುಗಿಯಬೇಕು.

ಹನ್ನೊಂದನೆಯ ಸಾಲಿನ ಹೆಸರು ‘ತುರ್ತು ಪಾಳಿ’. ಎಂಟು ವರ್ಷದ ಹಿಂದೆ ಅದರ ಮುಂದೆ ಅವಳೇ ಒಂದು ಸೊನ್ನೆ ಬರೆದು, ಪಕ್ಕದಲ್ಲಿ ‘ಮುಯ್ಯಾಳು’ ಎಂದು ಸೇರಿಸಿದ್ದಳು. ಅವಳ ಊರು ಕೊಯ್ವುಪೆರಾದಲ್ಲಿ ಮನೆಗೆ ಚಾವಣಿ ಹೊದಿಸುವುದು, ದೋಣಿಕಟ್ಟೆಯ ಹಲಗೆ ಬದಲಿಸುವುದು, ಶಾಲೆಯ ಬೇಲಿಗೆ ಬಣ್ಣ ಬಳಿಯುವುದು ಎಲ್ಲ ಮುಯ್ಯಾಳಿನಲ್ಲೇ ನಡೆಯುತ್ತದೆ. ಬಂದವರಿಗೆ ಬಟಾಣಿ ಸಾರು ಹಾಕಿದರೆ ಮುಗಿಯಿತು. ಕೂಲಿಯ ಮಾತೆತ್ತಿದರೆ ಬೈದ ಹಾಗೆ. ಮೂವತ್ತೊಂದು ಮನೆಯವರು ತಂತಮ್ಮ ಕಾಡಿನಲ್ಲಿ ಒತ್ತಾಗಿ ಬೆಳೆದ ಸಣ್ಣ ಮರಗಳನ್ನು ಸವರಿ ತಂದು, ಎರಡು ಬೇಸಿಗೆ ಒಣಗಿಸಿ, ಚಕ್ಕೆ ಮಾಡಿ ಉರಿಸಿ, ಶಾಲೆ ವೃದ್ಧಾಶ್ರಮ ಸಾಲುಮನೆಗಳಿಗೆಲ್ಲ ಬಿಸಿನೀರು ಹರಿಸುವ ಸಂಘ ಕಟ್ಟಿದಾಗ, ಯಂತ್ರ ಸಿಕ್ಕಿಕೊಂಡರೆ ಓಡಿಹೋಗುವ ಕೆಲಸವೂ ಹಾಗೆಯೇ ಮುಯ್ಯಾಳಿಗೆ ಬಿತ್ತು. ಆ ಸಂಘ ನಡೆಯುತ್ತದೆ ಎಂದು ಕಾಗದದ ಮೇಲೆ ತೋರಿಸಿಕೊಟ್ಟವಳು ಸೈಲಾ. ವಿಶ್ವವಿದ್ಯಾಲಯದ ಅವಳ ಪ್ರಬಂಧವೇ ಅದು, ಕಾಡಿನ ಸಣ್ಣ ಮರದಿಂದ ಶಾಖ ತೆಗೆಯುವುದು ಒಂದು ಊರಿಗೆ ಗಿಟ್ಟುತ್ತದೆಯೇ, ಒಗ್ಗುತ್ತದೆಯೇ ಎಂದು. ಮೌಖಿಕ ಪರೀಕ್ಷೆಯಲ್ಲಿ ಪ್ರಾಧ್ಯಾಪಕರು ಪೆನ್ಸಿಲಿನ ತುದಿಯನ್ನು ಆ ಸಾಲಿನ ಮೇಲಿಟ್ಟು ಕೇಳಿದ್ದರು, “ಈ ಸೊನ್ನೆ ಯಾರದು?” ಪ್ರಶ್ನೆ ಅವಳಿಗೆ ಅರ್ಥವಾಗಿರಲಿಲ್ಲ. “ನಮ್ಮೂರಲ್ಲಿ ಅದು ಹಾಗೇ,” ಎಂದಿದ್ದಳು. ಎಲ್ಲರೂ ನಕ್ಕಿದ್ದರು, ಅವಳೂ. ಸಂಜೆ ಫೋನಿನಲ್ಲಿ ಹೇಳಿದಾಗ ಲೌರಿಯೂ ನಕ್ಕಿದ್ದ. “ಸೊನ್ನೆ ಯಾರದು ಅಂದ್ರೆ? ನಂದು. ನಿನ್ನ ಕೋಷ್ಟಕದಲ್ಲಿ ನನಗೂ ಒಂದು ಮನೆ ಕೊಟ್ಟೆಯಲ್ಲ, ಮದ್ವೆಗಿಂತ ಗಟ್ಟಿ ಆಯ್ತು ಬಿಡು.” ಆಗಿನ್ನೂ ಅವರ ಮದುವೆ ಆಗಿರಲಿಲ್ಲ.

ಸಂಘದ ಅಧ್ಯಕ್ಷ ರೇನೊ ನಿನ್ನೆ ಫೋನ್ ಮಾಡಿದ್ದ. ಎಪ್ಪತ್ತು ದಾಟಿದ ಮನುಷ್ಯ. ಲೌರಿಯ ಸಾವಿನ ನಂತರ ಅವಳೊಡನೆ ಮಾತಾಡುವಾಗ ಆಸ್ಪತ್ರೆಯ ಓಣಿಯಲ್ಲಿ ನಡೆಯುವವನಂತೆ ದನಿ ತಗ್ಗಿಸುತ್ತಿದ್ದ. “ಹೊಸದೇನೂ ಮಾಡಕ್ ಹೋಗ್ಬೇಡ, ಸೈಲಾ. ಹಳೇದನ್ನೇ ತಗೊಂಡು ದರ ತಿದ್ದು, ಸಾಕು. ಶುಕ್ರವಾರ ಪಂಚಾಯಿತಿಯವರು ನಮ್ಮ ದರಾನೂ ಆ ಭೂಶಾಖದ ಕಂಪನಿ ದರಾನೂ ಅಕ್ಕಪಕ್ಕ ಇಟ್ಟು ನೋಡ್ತಾರೆ. ಕೂದಲೆಳೆ ಜಾಸ್ತಿ ಆದ್ರೂ ನಾವು ಹೋದ್ವಿ ಅಂತ್ಲೇ ಲೆಕ್ಕ.” ಹತ್ತು ವರ್ಷದ ಕರಾರು. ಹೋದರೆ ಬಾಯ್ಲರ್ ಆರುತ್ತದೆ, ಕೊಳವೆಗಳು ಮಣ್ಣಿನೊಳಗೇ ಉಳಿಯುತ್ತವೆ, ಮೂವತ್ತೊಂದು ಮನೆಗಳ ಸಣ್ಣ ಮರವನ್ನು ಕೇಳುವವರಿರುವುದಿಲ್ಲ. ಲೌರಿಯ ತಮ್ಮ ಏಸಾ, ಅಣ್ಣನ ಮಾತು ಕೇಳಿ ಪಟ್ಟಣದಲ್ಲಿ ಬಸ್ ಓಡಿಸುವ ಕೆಲಸ ಬಿಟ್ಟು ಬಂದು ಚಕ್ಕೆ ಯಂತ್ರ ಹಿಡಿದವನು, ಮತ್ತೆ ಬಸ್ಸಿಗೆ ಹೋಗಬೇಕು. ಕರಾರು ಉಳಿಯಬೇಕಾದರೆ ಹನ್ನೊಂದನೆಯ ಸಾಲಿನಲ್ಲಿ ಸೊನ್ನೆ ಉಳಿಯಬೇಕು. ಫೆಬ್ರವರಿಯಿಂದ ತುರ್ತು ಪಾಳಿಯ ಫೋನು ಏಸಾನ ಜೇಬಿನಲ್ಲೇ ಇದೆ. ವಾರಕ್ಕೊಬ್ಬರು ಹಿಡಿಯಬೇಕಾದ್ದು, ಈಗ ಯಾರೂ ಕೇಳುವುದಿಲ್ಲ, ಅವನೂ ಕೊಡುವುದಿಲ್ಲ. ಅವನಿಗೆ ಇಪ್ಪತ್ತೊಂಬತ್ತು ವರ್ಷ.

ಬಾಯ್ಲರಿನ ಯಂತ್ರ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ. ಎಚ್ಚರಿಕೆ ಹೋದದ್ದು ಯಾವ ನಿಮಿಷ, ಯಾರು ಬಂದು ಗುಂಡಿ ಒತ್ತಿ ಸರಿಪಡಿಸಿದರು, ಯಾವ ನಿಮಿಷ. ಹೋದ ವಾರ ಅದನ್ನೆಲ್ಲ ಇಳಿಸಿಕೊಂಡು ಬಂದು ಮೂರು ದಿನ ಓದಿದಳು. ಏಳು ಚಳಿಗಾಲ, ಲೌರಿ ಹೋದದ್ದು ನಾನೂರ ಆರು ಸಲ. ಓದುತ್ತ ಹೋದಂತೆ ಒಂದೊಂದು ದಿನವೂ ಇನ್ನೊಂದು ಮಗ್ಗುಲಿನಿಂದ ಕಾಣಿಸಿತು. ಅವಳ ಹುಟ್ಟುಹಬ್ಬದ ದಿನ ಊಟದ ನಡುವೆ ಎದ್ದವನು ಒಂದು ಗಂಟೆ ಹತ್ತು ನಿಮಿಷ ಚಕ್ಕೆಯಲ್ಲಿ ಸಿಕ್ಕಿದ್ದ ಕಲ್ಲು ಹುಡುಕಿದ್ದ. ಅವನು ಬೇಕೆಂದೇ ತಡಮಾಡಿದ್ದಾನೆ ಎಂದು ಅವಳು ಎರಡು ದಿನ ಮಾತು ಬಿಟ್ಟಿದ್ದಳು. ಕ್ಷಮೆ ಕೇಳೋಣವೆಂದರೆ ಯಾರಲ್ಲಿ. ನಾನೂರ ಆರರಲ್ಲಿ ಒಂದು ಸಲವೂ ಇಬ್ಬರು ಹೋಗಿರಲಿಲ್ಲ. ಚಕ್ಕೆಯ ಕಣಜದ ಬಾಗಿಲಿಗೆ ‘ಒಬ್ಬರೇ ಇಳಿಯಕೂಡದು, ಇನ್ನೊಬ್ಬರು ಬಾಗಿಲಲ್ಲಿರಬೇಕು’ ಎಂಬ ಹಳದಿ ಹಾಳೆ ಅಂಟಿಸಿದವಳು ಅವಳೇ. ಎರಡನೆಯ ಆಳಿಗೆ ಕೋಷ್ಟಕದಲ್ಲಿ ಜಾಗ ಮಾಡಿರಲಿಲ್ಲ. ಮಾಡಬೇಕೆಂದು ಹೊಳೆಯಲೂ ಇಲ್ಲ. ಸೊನ್ನೆಯನ್ನು ಎರಡರಿಂದ ಗುಣಿಸಿದರೂ ಸೊನ್ನೆಯೇ.

ಹನ್ನೆರಡೂವರೆಗೆ ಎರಡು ಆಳಿನ ಗಂಟೆಗಳನ್ನು ಕೂಲಿಯ ದರದಲ್ಲಿ ಹಾಕಿದಳು. ಕೆಳಗಿನ ಮೊತ್ತ ಕೆಂಪಾಯಿತು. ಶಾಖದ ದರ ನೂರಕ್ಕೆ ಒಂಬತ್ತು ಏರಿತು. ಅದನ್ನು ಅಳಿಸದೆ ಎರಡು ಪ್ರತಿ ಅಚ್ಚು ತೆಗೆದಳು.

ಅತ್ತೆ ಹೆಲ್ವಿ ಒಂದೂಕಾಲಿಗೆ ಬಂದಳು. ಬಾಗಿಲು ತಟ್ಟದೆ ಒಳಗೆ ಬಂದು, ಬೂಟು ಕಳಚಿ, ಬಟ್ಟೆ ಮುಚ್ಚಿದ ಮೀನಿನ ರೊಟ್ಟಿಯನ್ನು ಮೇಜಿನ ಮೇಲಿಟ್ಟು, ಮೊದಲು ಮಾಡಿದ ಕೆಲಸ ಕಿಟಕಿಯ ಕೆಳಗಿನ ರೇಡಿಯೇಟರನ್ನು ಮುಟ್ಟಿ ನೋಡಿದ್ದು.

“ಇದನ್ನ ಮತ್ತೆ ತಿರುಗಿಸಿಟ್ಟಿದೀಯ.”

“ಚಳಿ ಆಗಲ್ಲ ನಂಗೆ.”

“ಮನೇಲಿ ಕೋಟು ಹಾಕ್ಕೊಂಡು ಕೂತಿರೋರು ಹೇಳೋ ಮಾತಾ ಇದು?” ಹೆಲ್ವಿ ಗುಂಡಿಯನ್ನು ಮೂರಕ್ಕೆ ತಿರುಗಿಸಿದಳು. “ಉಂಡ್ಯಾ?”

“ಉಂಡೆ.”

“ಏನುಂಡೆ?”

ಹೆಲ್ವಿ ರೊಟ್ಟಿ ಕೊಯ್ದು ತಟ್ಟೆಯಲ್ಲಿಟ್ಟು ಮುಂದೆ ನೂಕಿದಳು. ಕೊಳವೆಯೊಳಗೆ ನೀರು ಸರಿಯುವ ಸಣ್ಣ ಸದ್ದು ಕೇಳಿಸಿತು, ಆಮೇಲೆ ಕಬ್ಬಿಣ ಹಿಗ್ಗುವ ಚಿಟಿಚಿಟಿ. ಫೆಬ್ರವರಿಯ ಆ ದಿನ ಮಧ್ಯಾಹ್ನ ಲೌರಿಯನ್ನು ಕಣಜದಿಂದ ಎತ್ತಿದ ಮೇಲೆ ಬಾಯ್ಲರನ್ನು ಮೂರು ತಾಸು ನಿಲ್ಲಿಸಿದ್ದರು. ಹೊರಗೆ ಸೊನ್ನೆಗಿಂತ ಇಪ್ಪತ್ತೇಳು ಡಿಗ್ರಿ ಕೆಳಗೆ. ವೃದ್ಧಾಶ್ರಮದಲ್ಲಿ ಇಪ್ಪತ್ತೆರಡು ಜನ. ರೇನೊ ಬಂದು, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, ಶುರು ಮಾಡಬಹುದೇ ಎಂದು ಅವಳನ್ನೇ ಕೇಳಿದ್ದ. ಮಾಡಿ ಎಂದಿದ್ದಳು. ಯಾರಾದರೂ ಅದನ್ನೇ ಹೇಳುತ್ತಿದ್ದರು. ಸಂಜೆ ಈ ರೇಡಿಯೇಟರು ನಿಧಾನಕ್ಕೆ ಬೆಚ್ಚಗಾದಾಗ ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು, ಈಗ ಉರಿಯುತ್ತಿರುವುದು ಕಣಜದಲ್ಲಿ ಅವನ ಮೇಲೆ ಬಿದ್ದಿದ್ದ ಅದೇ ಚಕ್ಕೆ ಎಂದು ಹೊಳೆಯುವವರೆಗೂ. ಹೊಳೆದ ಮೇಲೂ ಏಳಲಿಲ್ಲ. ಬೆನ್ನಿಗೆ ಹಿತವಾಗಿತ್ತು.

ಕಾರನ್ನು ಹೆಲ್ವಿ ಮೆಲ್ಲಗೆ ಓಡಿಸಿದಳು. ಸೇತುವೆ ದಾಟಿದ ಮೇಲೆ ರಸ್ತೆಯ ಬದಿಗೆ ಕಂದು ಕಾಗದ ಹೊದಿಸಿದ ಮರದ ರಾಶಿ. ಹೋದ ವರ್ಷಕ್ಕೂ ಹಿಂದಿನ ಚಳಿಗಾಲದಲ್ಲಿ ಲೌರಿ ಸವರಿ ಒಟ್ಟಿದ್ದು. “ಏಸಾ ಗುರುವಾರ ಚಕ್ಕೆ ಮಾಡ್ತಾನಂತೆ,” ಎಂದಳು ಹೆಲ್ವಿ. “ಚೆನ್ನಾಗಿ ಒಣಗಿದೆ. ನಿನ್ನೆ ಬಂದು ಮುಟ್ಟಿ ನೋಡ್ದೆ.” ಮುಟ್ಟಲು ಬಂದವಳು ಎಷ್ಟು ಹೊತ್ತು ನಿಂತಿದ್ದಳು ಎಂದು ಸೈಲಾ ಕೇಳಲಿಲ್ಲ. ಆಸನದ ಮೇಲೆ ಕೈಚೀಲದಲ್ಲಿ ಆ ಎರಡು ಹಾಳೆಗಳಿದ್ದವು. ಹೆಲ್ವಿ ಏನನ್ನೋ ನೆನೆಸಿಕೊಂಡವಳಂತೆ, “ಅವತ್ತು ನೀನು ಸ್ನಾನಕ್ಕೆ ಹೋಗಿದ್ದೆ ಅಲ್ವಾ. ಅದಕ್ಕೇ ಅವನು ಹೋಗಿದ್ದು ಗೊತ್ತಾಗ್ಲಿಲ್ಲ,” ಎಂದಳು. ಕೇಳಿದ್ದಲ್ಲ, ಹೇಳಿದ್ದು. ತಿಂಗಳಿಗೊಮ್ಮೆ ಹೀಗೆ ಹೇಳುತ್ತಾಳೆ, ಗಾಯಕ್ಕೆ ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡುವ ಹಾಗೆ. ಹೌದು ಎಂದಳು ಸೈಲಾ. ಸ್ನಾನಕ್ಕೆ ಹೋಗಿರಲಿಲ್ಲ. ಈಸ್ಟರಿನ ದೊಡ್ಡ ಉಪವಾಸಕ್ಕೆ ಮುಂಚಿನ ಭಾನುವಾರ, ಕೆನೆ ಬನ್ನಿನ ಹಬ್ಬ ಅದು; ಮಕ್ಕಳು ಹಿಮದ ಗುಡ್ಡದ ಮೇಲಿಂದ ಜಾರುತ್ತ ಕೂಗುವುದು ಅಡುಗೆಮನೆಗೆ ಕೇಳುತ್ತಿತ್ತು. ಅವಳು ಬನ್ನುಗಳ ತಲೆ ಕೊಯ್ದು ಸಾಲಾಗಿ ಇಟ್ಟು, ಕೆನೆ ಕಡೆಯುತ್ತಿದ್ದಳು. ಫೋನು ಕಿರುಗುಟ್ಟಿತು. ಲೌರಿ ಬೂಟು ಕಟ್ಟಿಕೊಳ್ಳುತ್ತ, ತಲೆ ಎತ್ತದೆ, “ಚಕ್ಕೆ ಹಸಿ, ಒಳಗೆ ಕಮಾನು ಕಟ್ಟಿರತ್ತೆ. ಬರ್ತೀಯಾ? ಬಾಗ್ಲಲ್ಲಿ ನಿಂತ್ರೆ ಸಾಕು,” ಎಂದ. “ಕೆನೆ ಒಡೆದ್ಹೋಗತ್ತೆ. ರೇನೊನ ಕರಿ.” “ಭಾನುವಾರ, ಬಿಟ್ಟಿ ಕೆಲ್ಸಕ್ಕೆ, ಮುದುಕನ್ನ ಎಬ್ಬಿಸ್ಲಾ?” ಅವನು ಬೇಸರದಿಂದ ಹೇಳಲಿಲ್ಲ. ಒಂದು ಬನ್ನಿನ ತಲೆಯನ್ನು ಬಾಯಿಗೆ ಹಾಕಿಕೊಂಡು ಹೋದ. ಹತ್ತು ನಿಮಿಷವೂ ಆಗಬಹುದು, ಒಂದು ಗಂಟೆಯೂ ಆಗಬಹುದು. ಏಳು ವರ್ಷದ ಅಭ್ಯಾಸ. ಐವತ್ತು ನಿಮಿಷದ ತನಕ ಅವಳು ಗಡಿಯಾರ ನೋಡಲಿಲ್ಲ. ಕೆನೆ ಚೆನ್ನಾಗಿ ಬಂದಿತ್ತು.

ಕಣಜದಲ್ಲಿ ಹಸಿ ಚಕ್ಕೆ ಹೆಪ್ಪುಗಟ್ಟಿ ಮೇಲೆ ಗಟ್ಟಿ ನೆಲದಂತೆ ನಿಂತಿರುತ್ತದೆ, ಅಡಿಯಲ್ಲಿ ಚಕ್ಕೆಯನ್ನು ಬಾಯ್ಲರಿಗೆ ತಳ್ಳುವ ತಿರುಪು ತಿಂದು ತಿಂದು ಟೊಳ್ಳಾಗಿರುತ್ತದೆ. ಮೇಲೆ ನಿಂತವನಿಗೆ ಕಾಣುವುದಿಲ್ಲ. ಕಾಲಡಿ ಕುಸಿದರೆ ಚಕ್ಕೆ ಅವನ ತಲೆಯ ಮೇಲೆ ಮುಚ್ಚಿಕೊಳ್ಳುತ್ತದೆ.

ಠಾಣೆಯ ಮಹಡಿಯಲ್ಲಿ ಕಾಫಿಯ ವಾಸನೆ, ಒದ್ದೆ ಉಣ್ಣೆಯ ವಾಸನೆ. ಹದಿನಾರು ಹದಿನೇಳು ಜನ ಬಂದಿದ್ದರು. ಓಸ್ಮೊ ಎಂಬ ದಪ್ಪನೆಯ ಕಾಡಿನೊಡೆಯ, ಯಾವ ಸಭೆಯಲ್ಲೂ ಮೊದಲು ಬಾಯಿ ತೆರೆಯುವವನು, ಲೋಟವನ್ನು ಬೆಳಕಿಗೆ ಹಿಡಿದು, “ಈ ಸಂಘದ ಕಾಫೀಲಿ ತಳದಲ್ಲಿರೋ ಹೂವಿನ ಚಿತ್ರ ಕಾಣತ್ತೆ ನೋಡು, ರೇನೊ,” ಎಂದ. “ಹೂವಾದ್ರೂ ಇದೆಯಲ್ಲ, ಕುಡಿ,” ಎಂದ ರೇನೊ. ಸೈಲಾ ಒಳಗೆ ಬಂದದ್ದು ನೋಡಿ ಇಬ್ಬರೂ ನಗುವನ್ನು ನುಂಗಿದರು. ಅದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿತ್ತು, ತಾನು ಹೋದಲ್ಲೆಲ್ಲ ಜನ ನಗುವನ್ನು ಕೊಡೆಯಂತೆ ಮಡಚಿಡುವುದು. ಏಸಾ ಕಿಟಕಿಯ ಬಳಿ ಒಬ್ಬನೇ ಕೂತಿದ್ದ, ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟುಕೊಂಡು. ಅವನ ಕುತ್ತಿಗೆಯ ಹಿಂಭಾಗ ಲೌರಿಯದ್ದೇ. ಅವನಿಗೆ ಬೆನ್ನಾಗುವಂತೆ ಕೂತಳು.

ಎದ್ದು ನಿಂತು ಸಾಲುಸಾಲಾಗಿ ಓದಿದಳು. ಮರ, ಸಾಗಣೆ, ಚಕ್ಕೆ ಮಾಡುವುದು, ಬೂದಿ ಒಯ್ಯುವುದು. ಹನ್ನೊಂದಕ್ಕೆ ಬಂದಾಗ ದನಿ ಬೇರೆ ಯಾರದೋ ಎನಿಸಿತು. “ತುರ್ತು ಪಾಳಿ. ಎರಡು ಆಳು. ಕೂಲಿ ಸಮೇತ.” ಮೊತ್ತ ಹೇಳಿದಳು.

ರೇನೊ ಲೋಟವನ್ನು ಮೇಜಿನ ಮೇಲಿಟ್ಟ.

“ಇಷ್ಟಾದ್ರೆ,” ಎಂದ ರೇನೊ, “ಶುಕ್ರವಾರ ನಾವು ಹೋಗೋದೇ ಬೇಡ.”

“ಇಷ್ಟೇ ಆಗೋದು,” ಎಂದಳು ಸೈಲಾ. “ಮೊದ್ಲಿಂದ್ಲೂ ಇಷ್ಟೇ ಆಗ್ತಿತ್ತು. ನಾನು ಬರೆದಿರ್ಲಿಲ್ಲ.”

“ಆಗ್ತಿತ್ತು ಅಂದ್ರೇನಮ್ಮ? ನಾವ್ ಯಾರೂ ಯಾವತ್ತೂ ಒಂದು ಕಾಸು ತಗೊಂಡಿಲ್ಲ,” ಓಸ್ಮೊ ಮೆಲ್ಲಗೇ ಹೇಳಿದ. “ಲೌರಿಗೆ ಕೂಲಿ ಕೊಡ್ತೀವಿ ಅಂದಿದ್ರೆ ನಮ್ಮನ್ನ ಕೆರೆಗೆ ಎತ್ತಿ ಹಾಕ್ತಿದ್ದ.”

ಯಾರೋ ಹೂಂಗುಟ್ಟಿದರು. ಅದು ನಿಜವೂ ಆಗಿತ್ತು. ಸೈಲಾಳ ಬಳಿ ಹೇಳಬೇಕಾದ ಮಾತು ಇತ್ತು, ಬೆಳಿಗ್ಗೆಯಿಂದ ಸಾಣೆ ಹಿಡಿದಿಟ್ಟದ್ದು: ಬಿಟ್ಟಿ ಕೆಲಸವಾದ್ದರಿಂದಲೇ ಇನ್ನೊಬ್ಬನನ್ನು ಕರೆಯಲು ನಾಚಿಕೆ, ಕೂಲಿ ಇದ್ದರೆ ಕರೆಯಬಹುದು, ಕೂಲಿ ಇದ್ದಿದ್ದರೆ ಕರೆಯುತ್ತಿದ್ದ. ಬಾಯಿ ತೆರೆಯುವಷ್ಟರಲ್ಲಿ ಹೆಲ್ವಿ ಎದ್ದಳು. ಮೂವತ್ತು ಎಕರೆ ಕಾಡು ಅವಳ ಹೆಸರಿನಲ್ಲಿದ್ದರೂ ಸಂಘದ ಸಭೆಯಲ್ಲಿ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿಕೊಂಡಿದ್ದಳು, ಚರ್ಚಿನಲ್ಲಿ ನಿಲ್ಲುವ ಹಾಗೆ.

“ನನ್ನ ಮಗನ ಗಂಟೆಗಳಿಗೆ ಬೆಲೆ ಕಟ್ಬೇಡಿ,” ಎಂದಳು. “ಅವನು ಕೊಟ್ಟಿದ್ದು ಅದು. ಮಾರಿದ್ದಲ್ಲ. ಅವನು ಯಾರನ್ನೂ ಕರೀಲಿಲ್ಲ, ಯಾರಿಗೂ ತೊಂದ್ರೆ ಕೊಡ್ಲಿಲ್ಲ. ಅವತ್ತೂ ಕರೀಲಿಲ್ಲ. ಅದು ಅವನ ಗುಣ. ಅವನದ್ದು ಅಂತ ನಂಗೆ ಉಳಿದಿರೋದು ಅದೊಂದು.” ನಂತರ ಸೈಲಾಳ ಕಡೆ ತಿರುಗಿ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ, “ಅಷ್ಟನ್ನ ಬಿಡು,” ಎಂದಳು.

ಅವನು ಕರೆದಿದ್ದ. ಎರಡು ಶಬ್ದ. ಅದನ್ನು ಹೇಳಿದರೆ ಮಾತ್ರ ತನ್ನ ಹನ್ನೊಂದನೆಯ ಸಾಲಿಗೆ ನಿಲ್ಲಲು ಕಾಲು ಬರುತ್ತದೆ, ಹೇಳದಿದ್ದರೆ ಅದು ಸತ್ತವನ ಗುಣಕ್ಕೆ ದರ ಹಚ್ಚುವ ಹೆಂಡತಿಯ ಲೆಕ್ಕ. ಎಲ್ಲರೂ ಅವಳನ್ನು ನೋಡುತ್ತಿದ್ದರು, ಕರುಣೆಯಿಂದ, ಕಾಫಿ ಆರುತ್ತಿರುವವರ ಸಹನೆಯಿಂದ. ಹೆಲ್ವಿಯ ಬೆರಳುಗಳು ಒಂದರೊಳಗೊಂದು ಬಿಗಿದು ಬೆಳ್ಳಗಾಗಿದ್ದವು. ಸೈಲಾಗೆ ತನ್ನ ನಾಲಿಗೆಯ ಮೇಲೆ ಕೆನೆಯ ಸಿಹಿ ಬಂದಂತಾಯಿತು. ಕೂತಳು. ಪೆನ್ನು ತೆಗೆದು ಹನ್ನೊಂದನೆಯ ಸಾಲಿನ ಅಂಕಿಯ ಮೇಲೆ ಗೀಟೆಳೆದು ಪಕ್ಕದಲ್ಲಿ ಸೊನ್ನೆ ಬರೆದಳು. ಹಾಳೆಯನ್ನು ರೇನೊನ ಕಡೆ ಸರಿಸಿದಳು. ರೇನೊ ಕೊಠಡಿಯನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, “ಹಂಗಾದ್ರೆ ಠರಾವು ಹೀಗೆ ಬರ್ಕೊಳಿ: ತುರ್ತು ಪಾಳಿ ಮುಯ್ಯಾಳು. ಇನ್ಮೇಲೆ ಕಡ್ಡಾಯವಾಗಿ ಇಬ್ರು. ಲೌರಿಯ ನೆನಪಿಗೆ,” ಎಂದ. ಎಲ್ಲ ಕೈಗಳೂ ಮೇಲೆದ್ದವು. ಹೆಲ್ವಿ ಅಳುತ್ತಿದ್ದಳು. ಓಸ್ಮೊ ಅವಳ ಭುಜ ಮುಟ್ಟಿದ. ಯಾರೂ ಕೆಟ್ಟವರಲ್ಲ ಎಂದು ಸೈಲಾಗೆ ಅನ್ನಿಸಿತು. ತನ್ನ ಕೈಯೂ ಮೇಲೇ ಇತ್ತು.

ಎರಡನೆಯ ಸುತ್ತು ಕಾಫಿ ಬಗ್ಗಿಸುತ್ತಿರುವಾಗ ಏಸಾನ ಫೋನು ಮೇಜಿನ ಮೇಲೆ ಕಿರುಗುಟ್ಟಿತು. ನೋಡಿ ಎದ್ದು ಜಾಕೆಟ್ಟು ತೆಗೆದುಕೊಂಡ.

ರೇನೊ ಕುರ್ಚಿಯ ತೋಳಿನ ಮೇಲೆ ಕೈಯೂರಿದ. “ನಾನ್ ಬರ್ಲಾ?”

“ಕೂತ್ಕೋ, ರೇನೊ. ನಿನ್ನ ಮಂಡಿ ಇಟ್ಕೊಂಡು ಎಲ್ಲಿಗ್ ಬರ್ತೀಯ. ಸಣ್ಣದು.”

“ಓಸ್ಮೊ?” ಎಂದ ರೇನೊ.

“ಬಿಡು, ಅವನು ಬನ್ ತಿನ್ಲಿ,” ಎಂದ ಏಸಾ ನಗುತ್ತ. ಅರ್ಧ ಎದ್ದಿದ್ದ ಓಸ್ಮೊ ಕೂತ. ಠರಾವಿನ ಶಾಯಿ ಆರಿರಲಿಲ್ಲ. ಎಷ್ಟು ಸುಲಭವಾಗಿ ಕೂತರು ಎಂಬುದನ್ನು, ಅದರಲ್ಲಿ ಎಷ್ಟೊಂದು ಪ್ರೀತಿ ಇತ್ತು ಎಂಬುದನ್ನು ಸೈಲಾ ಕಂಡಳು. ಏಳು ಚಳಿಗಾಲವೂ ಹೀಗೆಯೇ. ಅವಳು ಕೋಟು ಕಳಚಿರಲಿಲ್ಲ. ಮೆಟ್ಟಿಲಿಳಿದು ಅವನ ಹಿಂದೆ ನಡೆದಳು.

“ನೀನ್ಯಾಕೆ?” ಎಂದ ಏಸಾ ತಿರುಗಿ. ಕಣಜದ ಬಾಗಿಲಿನ ಹತ್ತಿರ ಅವಳು ಫೆಬ್ರವರಿಯಿಂದ ಹೋಗಿಲ್ಲವೆಂದು ಅವನಿಗೆ ಗೊತ್ತಿತ್ತು. “ಹೋಗು, ಅಮ್ಮನ ಹತ್ರ ಇರು.”

“ನಡಿ.”

ಬಾಯ್ಲರ್ ಮನೆಯಲ್ಲಿ ಒಣ ಬಿಸಿ, ಸುಟ್ಟ ತೊಗಟೆಯ ವಾಸನೆ. ಕಣಜದ ಕಬ್ಬಿಣದ ಬಾಗಿಲನ್ನು ಏಸಾ ಎಳೆದು ತೆರೆದ. ಗೋಡೆಯ ಕೊಕ್ಕೆಗೆ ಫೆಬ್ರವರಿಯ ನಂತರ ಹಾಕಿಸಿದ ಹಗ್ಗವನ್ನು ಸೊಂಟಕ್ಕೆ ಬಿಗಿದು, ಉದ್ದನೆಯ ಹಾರೆ ಹಿಡಿದು, ಏಣಿಯ ಮೇಲೆ ಕಾಲಿಟ್ಟ. ಒಳಗೆ ಕತ್ತಲೆ, ತಣ್ಣಗಿನ ಹುಳಿ ವಾಸನೆ. ಅವನ ಹಣೆಯ ದೀಪ ಚಕ್ಕೆಯ ಮೇಲೆ ಬಿತ್ತು. ಸಮತಟ್ಟಾಗಿತ್ತು, ನೆಲದ ಹಾಗೆಯೇ.

“ನಾನು ಒಳಗಿಂದ ಕೇಳ್ತಿರ್ತೀನಿ, ನೀನು ಹೇಳ್ತಿರು,” ಎಂದ. “ಅಷ್ಟೇ ಕೆಲ್ಸ.”

ಇಳಿದ. ಹಾರೆಯ ಮೊದಲ ಪೆಟ್ಟು ಬಿತ್ತು.

“ಇದೀಯಾ?”

“ಇದೀನಿ.”

ಪೆಟ್ಟು, ಪೆಟ್ಟು. ಹೆಪ್ಪು ಬಿರುಕು ಬಿಡುವ ಸದ್ದು. ಬಾಗಿಲಿನ ಚೌಕಟ್ಟು ಅಂಗೈಗೆ ಕೊರೆಯುತ್ತಿತ್ತು. ಇಷ್ಟೇ. ನಿಂತಿರುವುದು. ಇದಕ್ಕೆ ಬಲ ಬೇಡ, ವಿದ್ಯೆ ಬೇಡ.

“ಇದೀಯಾ?”

“ಇದೀನಿ.” ನಂತರ, ಮುಂದಿನ ಪೆಟ್ಟು ಬೀಳುವ ಮೊದಲು, “ಅವತ್ತು ಅವನು ನನ್ನ ಕರ್ದಿದ್ದ, ಏಸಾ,” ಎಂದಳು. ಹಾರೆ ಕಬ್ಬಿಣದ ಗೋಡೆಗೆ ಬಡಿದು ಕಣಜವೆಲ್ಲ ಗುಂಯ್‌ಗುಟ್ಟಿತು.

“ಏನಂದೆ?”

ಅವಳು ಉಸಿರು ಹಿಡಿದಳು. ಕತ್ತಲಲ್ಲಿ ದೀಪ ಅವಳ ಕಡೆ ತಿರುಗಿತು, ಅದರ ಹಿಂದಿನ ಮುಖ ಯಾರದೂ ಆಗಿರಬಹುದಿತ್ತು.

“ಇದೀನಿ ಅಂದೆ.”

ಕಮಾನು ಒಮ್ಮೆಲೇ ಕುಸಿಯಿತು. ದೂಳು ಬಾಗಿಲಿನವರೆಗೂ ಬಂದಿತು. ಏಸಾ ಏಣಿಯ ಮೇಲೆ ಕೆಮ್ಮುತ್ತಿದ್ದ. ಹಗ್ಗ ಸಡಿಲವಾಗಿತ್ತು, ಏನೂ ಆಗಿರಲಿಲ್ಲ. ಅವನು ಹತ್ತಿ ಬಂದು, ಅವಳ ಪಕ್ಕದಿಂದ ದಾಟಿ, ಗುಂಡಿ ಒತ್ತಿದ. ಕೆಳಗೆಲ್ಲೋ ತಿರುಪು ನರಳಿ, ತಿರುಗತೊಡಗಿತು. ಚಕ್ಕೆ ನಿಧಾನಕ್ಕೆ, ನಡುವಿನಿಂದ, ಒಳಗೆ ಸರಿಯತೊಡಗಿತು. “ಆಯ್ತು, ಹನ್ನೊಂದೇ ನಿಮಿಷ,” ಎಂದ ಏಸಾ, ತೋಳಿನ ದೂಳು ಕೊಡವಿಕೊಳ್ಳುತ್ತ. “ನಡಿ, ಕಾಫಿ ಆರಿರತ್ತೆ.” ಅವಳು ಅಲುಗಲಿಲ್ಲ. ಒಳಗೆ ಯಾರೂ ಇರಲಿಲ್ಲ. ಅವನು ಕೇಳುವುದನ್ನು ನಿಲ್ಲಿಸಿ ಹೊತ್ತಾಗಿತ್ತು, ಅವಳು ಇನ್ನೂ ಬಾಗಿಲು ಹಿಡಿದು ನಿಂತು, ಆ ಖಾಲಿ ಕತ್ತಲೆಗೆ, ಇದೀನಿ, ಇದೀನಿ ಎನ್ನುತ್ತಿದ್ದಳು.